ಆಳದ ಬೋರ್‌ಗೆ ಸ್ಟೀಲ್ ಬಾರೋ, ಕಾರ್ಬೈಡ್ ಬಾರೋ?

ಲೇತ್‌ನಲ್ಲಿ ತೂತಿನ (ಬೋರ್) ಒಳಗೋಡೆ ಕೆತ್ತಿ ಸೈಜಿಗೆ ತರುವ ಉದ್ದನೆಯ ಟೂಲೇ ಬೋರಿಂಗ್ ಬಾರ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾರ್ಬೈಡ್ (ಅತಿ ಗಟ್ಟಿ ಟಂಗ್‌ಸ್ಟನ್ ಮಿಶ್ರಣ) ಶ್ಯಾಂಕ್, ಅಂದರೆ ಕಾಂಡ, ಇರುವ ಬಾರ್‌ಗೆ. ದುಡ್ಡು ಜಾಸ್ತಿಯೇ ಹೋಯಿತು, ಆದರೂ ಬೇಸರವಿಲ್ಲ.

ನನಗೆ ತಲೆನೋವಾಗಿದ್ದದ್ದು ಮೈಲ್ಡ್ ಸ್ಟೀಲಿನ ಒಂದು ಬುಷ್ (ಕೊಳವೆಯಂಥ ಭಾಗ). ಬೋರ್ 22 ಮಿ.ಮೀ., ಆಳ 75 ಮಿ.ಮೀ. ಅದಕ್ಕೆ 16 ಮಿ.ಮೀ. ದಪ್ಪದ ಬಾರನ್ನು 80 ಮಿ.ಮೀ. ಹೊರಗೆ ಚಾಚಲೇಬೇಕು, ಅಂದರೆ ಅದರ ದಪ್ಪದ ಐದು ಪಟ್ಟು. ಸ್ಟೀಲ್ ಬಾರ್ ಸುಮಾರು ನಾಲ್ಕು ಪಟ್ಟಿನವರೆಗೆ ಸುಮ್ನೆ ಇರುತ್ತದೆ, ಆಮೇಲೆ ಕಿರುಚಾಟ ಶುರು. ಬೋರಿನ ಒಳಗೆ ಉಗುರು ಆಡಿಸಿದರೆ ಕರಕರ ಅನ್ನುತ್ತಿತ್ತು. ಅದೇ ಇನ್ಸರ್ಟ್ (ಬಾರಿನ ತುದಿಗೆ ಹಾಕುವ ಕತ್ತರಿಸುವ ಬಿಲ್ಲೆ), ಅದೇ ಸ್ಪೀಡ್ ಇಟ್ಟು ಕಾರ್ಬೈಡ್ ಬಾರ್ ಹಾಕಿದೆ. ಚಾಟರ್, ಅಂದರೆ ಆ ನಡುಕದ ಕಿರುಚಾಟ, ನಿಂತಿತು. ಕಾರ್ಬೈಡ್ ಸ್ಟೀಲಿಗಿಂತ ಸುಮಾರು ಮೂರು ಪಟ್ಟು ಬಿಗಿ, ಅಂದರೆ ಸುಲಭಕ್ಕೆ ಬಾಗುವುದಿಲ್ಲ, ಅಷ್ಟೇ ಕಾರಣ. ಹಾರ್ಡನ್ ಮಾಡಿದ ಸ್ಟೀಲ್ ಬಾರ್ ತಗೊಂಡರೆ ಸಾಕು ಅನ್ನುವವರಿದ್ದಾರೆ. ಸವೆತ ಕಮ್ಮಿಯಾಗುತ್ತದೆ ನಿಜ, ಬಾಗುವುದು ಮಾತ್ರ ಅಷ್ಟೇ ಬಾಗುತ್ತದೆ.

ಕಿರಿಕಿರಿ ಇರುವುದು ಹಿಡಿತದಲ್ಲಿ. ನನ್ನ ಸ್ಟೀಲ್ ಬಾರಿನ ಮೇಲೆ ಚಪ್ಪಟೆ ಭಾಗವಿದೆ, ಸ್ಕ್ರೂ ಬಿಗಿದರೆ ತಾನೇ ಸರಿಯಾಗಿ ಕೂರುತ್ತದೆ. ಕಾರ್ಬೈಡ್ ಬಾರಿನ ಶ್ಯಾಂಕ್ ಪೂರ್ತಿ ದುಂಡು. ಮಾಮೂಲಿ ಹೋಲ್ಡರಿನಲ್ಲಿ ಸ್ಕ್ರೂ ಬಿಗಿಯುವಾಗ ಕೂದಲೆಳೆಯಷ್ಟು ತಿರುಗಿಬಿಡುತ್ತದೆ, ಇನ್ಸರ್ಟಿನ ತುದಿ ಸೆಂಟರಿಗಿಂತ (ಬುಷ್ ತಿರುಗುವ ನಡುಗೆರೆ) ಕೆಳಗಿಳಿಯುತ್ತದೆ. ಬೋರಿಂಗಿನಲ್ಲಿ ತುದಿ ಕೆಳಗಿಳಿದರೆ ಅದರ ಕೆಳಭಾಗ ಬೋರಿನ ಗೋಡೆಗೆ ಉಜ್ಜುತ್ತದೆ. ಆಗ ಎಂಥ ಬಾರ್ ಇದ್ದರೂ ಒಂದೇ. ಇನ್ನೂ ಬಿಗಿ ಮಾಡೋಣ ಅಂದರೆ ಕಾರ್ಬೈಡ್ ಪೆಡಸು, ಸ್ಕ್ರೂ ಒತ್ತಿದ ಜಾಗದಲ್ಲಿ ಬಿರುಕು ಬಿಡುವ ಭಯ.

ಕೊನೆಗೆ ಸ್ಪ್ಲಿಟ್ ಸ್ಲೀವ್ (ಬಾರಿನ ಸುತ್ತ ಹಾಕುವ ಸೀಳಿರುವ ಕೊಳವೆ) ತಂದೆ. ಸುತ್ತಲೂ ಒಂದೇ ಸಮ ಹಿಡಿಯುತ್ತದೆ. ಹೋಲ್ಡರ್ ಒಳಗೆ ಬಾರಿನ ದಪ್ಪದ ಮೂರ್ನಾಲ್ಕು ಪಟ್ಟು ಉದ್ದ ಕೂತಿರಬೇಕು. ಆದರೆ ಸ್ಲೀವ್ ಹಾಕಿದರೂ ತಿರುಗುವ ಕಾಟ ತಪ್ಪಲಿಲ್ಲ. ಪ್ರತಿ ಸಲ ಬಾರಿನ ತಲೆಯ ಚಪ್ಪಟೆ ಭಾಗದ ಮೇಲೆ ಚಿಕ್ಕ ಸ್ಪಿರಿಟ್ ಲೆವೆಲ್ ಇಟ್ಟು, ಅರ್ಧ ಬಿಗಿದು, ಮತ್ತೆ ನೋಡಿ, ಆಮೇಲೆ ಪೂರ್ತಿ ಬಿಗಿಯುತ್ತೇನೆ. ತುದಿಯನ್ನು ಸೆಂಟರಿಗಿಂತ ಒಂಚೂರು ಮೇಲೆ ಇಡುತ್ತೇನೆ, ಕಟ್ ಬಿದ್ದಾಗ ಬಾರ್ ಕೆಳಗೆ ಬಾಗುತ್ತದಲ್ವಾ.

ತುದಿಗೆ ಕಾರ್ಬೈಡ್ ಚೂರು ಬ್ರೇಜ್ ಮಾಡಿದ (ಬೆಸೆದ) ಹಳೇ ಟೂಲ್ ಅಗ್ಗ, ಬೇಕಾದ ಹಾಗೆ ಗ್ರೈಂಡ್ ಮಾಡಿಕೊಳ್ಳಬಹುದು. ಗಿಡ್ಡ ಬೋರ್‌ಗೆ ಈಗಲೂ ಅದೇ.

ಒಳಗೆ ನಡುಕ ಹೀರುವ ಡ್ಯಾಂಪರ್ ಇರುವ ಬಾರನ್ನು ಗೆಳೆಯನ ಶಾಪಿನಲ್ಲಿ ಓಡಿಸಿ ನೋಡಿದೆ. ತುಂಬಾ ಚಾಚಿದರೂ ಉಸಿರೆತ್ತುವುದಿಲ್ಲ. ಬೆಲೆ ಕೇಳಿ ಕೈಮುಗಿದೆ.

ಬಜೆಟ್ ಇಲ್ಲದವರು ಮೊದಲು ಇನ್ಸರ್ಟ್ ಬದಲಿಸಿ ನೋಡಿ. ಮೂತಿಯ ದುಂಡು (ರೇಡಿಯಸ್) 0.8 ಮಿ.ಮೀ. ಬದಲು 0.4 ಇರಲಿ, ಸಿಎನ್‌ಎಂಜಿ ಅನ್ನುವ ನೇರ ಅಂಚಿನ ಇನ್ಸರ್ಟ್ ಬಿಟ್ಟು, ಅಂಚಿನ ಕೆಳಗೆ ಓರೆಯಿದ್ದು ಹಗುರಾಗಿ ಕತ್ತರಿಸುವ ಪಾಸಿಟಿವ್ ಸಿಸಿಎಂಟಿ ಹಿಡಿಯಿರಿ. ಬಾರನ್ನು 80ರಿಂದ 64ಕ್ಕೆ ಒಳಗೆಳೆಯಲು ಆದರೆ ಬಾಗುವುದು ಅರ್ಧಕ್ಕಿಳಿಯುತ್ತದೆ. ಅಷ್ಟರಲ್ಲೇ ಮುಗಿಯುವ ಕೆಲಸವಾದರೆ ಸ್ಟೀಲ್ ಬಾರೇ ಸಾಕು. ನನಗೆ ಆ ಬುಷ್ ಮತ್ತೆ ಮತ್ತೆ ಬರುತ್ತದೆ, ಹಾಗಾಗಿ 16ರದ್ದು ಒಂದು ಕಾರ್ಬೈಡ್ ಇಟ್ಟುಕೊಂಡಿದ್ದೇನೆ. ಉಳಿದ ಸೈಜೆಲ್ಲ ಸ್ಟೀಲೇ.