‘ರ‍್ಯಾಕ್ ಹೋಗಿದೆ’ ಅಂದ ಕೂಡಲೇ ಹೂಂ ಅನ್ನಬೇಡಿ

ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, 68 ಸಾವಿರ ಕಿ.ಮೀ. ಓಡಿದ್ದು. ದೂರು ಎರಡು. ಕಿತ್ತುಹೋದ ಡಾಂಬರಿನ ಮೇಲೆ ನಿಧಾನಕ್ಕೆ ಹೋದರೆ ಮುಂದೆ ಎಡಗಡೆಯಿಂದ ಕಟಕಟ. ಜೊತೆಗೆ ಆಗೊಮ್ಮೆ ಈಗೊಮ್ಮೆ ಸಣ್ಣಗೆ ಕೀಚ್ ಅನ್ನುವ ಸದ್ದು. ಗ್ಯಾರೇಜಿನವರು ಐದು ನಿಮಿಷ ಟ್ರಯಲ್ ನೋಡಿ ಬಂದು, ‘ಸ್ಟಿಯರಿಂಗ್ ರ‍್ಯಾಕ್ ಹೋಗಿದೆ’ ಅಂದುಬಿಟ್ಟರು. (ಸ್ಟಿಯರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಕಂಬಿ ಅದು.) ರ‍್ಯಾಕ್ ಅಸೆಂಬ್ಲಿ ಪೂರ್ತಿ ಬದಲಾಯಿತು, ಅಲೈನ್‌ಮೆಂಟ್ ಆಯಿತು, ಬಿಲ್ಲಿನ ಕೊನೆಯಲ್ಲಿ ‘ಪವರ್ ಸ್ಟಿಯರಿಂಗ್ ಆಯಿಲ್’ ಅಂತ ಒಂದು ಸಾಲೂ ಸೇರಿಕೊಂಡಿತು. ಆ ಕಾರಿನಲ್ಲಿರುವುದು ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್. ಆಯಿಲ್ ಹಾಕೋಣವೆಂದರೂ ಅದಕ್ಕೆ ಡಬ್ಬಿಯೇ ಇಲ್ಲ.

ಕಟಕಟ ಹೋಗಲಿಲ್ಲ. ಎರಡನೇ ಸಲ ಒಯ್ದಾಗ ಬ್ರೇಕ್ ‘ಚೆಕ್’ ಮಾಡಿದರು. ಹೇಗೆಂದರೆ, ಚಕ್ರ ಬಿಚ್ಚದೆ ಅಲಾಯ್ ಸಂದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು. ‘ಪ್ಯಾಡ್ ಇನ್ನೂ ಅರ್ಧ ಇದೆ, ಇದು ಧೂಳಿನ ಸದ್ದು’ ಅಂದರು. ಪ್ಯಾಡ್ ಅಂದರೆ ಬ್ರೇಕ್ ಒತ್ತಿದಾಗ ಚಕ್ರದ ಡಿಸ್ಕನ್ನು ಎರಡು ಕಡೆಯಿಂದ ಹಿಡಿದು ನಿಲ್ಲಿಸುವ ಬಿಲ್ಲೆ. ಕೆಲವು ದಿನಕ್ಕೆ ಕೀಚ್ ತಾನಾಗಿಯೇ ನಿಂತಿತು. ಧೂಳು ಹೋಯಿತು ಅಂತ ಮಾಲೀಕರು ನೆಮ್ಮದಿಯಾಗಿದ್ದರು. ಆಮೇಲೆ ಶುರುವಾದದ್ದು ಬ್ರೇಕ್ ಒತ್ತಿದಾಗಲೆಲ್ಲ ಬೀಸುವ ಕಲ್ಲಿನಂತೆ ಗರಗರ.

ಬೇರೆ ಕಡೆ ಬಿಚ್ಚಿಸಿದಾಗ ಕಂಡದ್ದು ಇದು: ಎಡ ಚಕ್ರದ ಹೊರಗಿನ ಪ್ಯಾಡಿನಲ್ಲಿ 6 ಮಿ.ಮೀ. ಉಳಿದಿದೆ. ಒಳಗಿನದರಲ್ಲಿ ಏನೂ ಇಲ್ಲ. ಪ್ಯಾಡಿನ ಕಬ್ಬಿಣದ ಪ್ಲೇಟೇ ಡಿಸ್ಕಿಗೆ ಉಜ್ಜಿ, ಒಳಮುಖದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಬಿದ್ದಿವೆ. ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಕೆಳಗಿನ ಪಿನ್ನಿನ ರಬ್ಬರ್ ಬೂಟ್ (ಮುಸುಕು) ಹರಿದು, ನೀರು ಹೋಗಿ, ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಕಟಕಟಕ್ಕೆ ಕಾರಣ ಸವೆದ ಸ್ಟೆಬಿಲೈಸರ್ ಲಿಂಕ್ ರಾಡ್. ಹಳೆಯ ರ‍್ಯಾಕಿನಲ್ಲಿ ದೋಷ ಇತ್ತೋ ಇಲ್ಲವೋ ನೋಡೋಣವೆಂದರೆ ಅದನ್ನು ವಾಪಸ್ ಕೊಟ್ಟೇ ಇರಲಿಲ್ಲ.

ಹೊರಗಿನಿಂದ ಟಾರ್ಚ್ ಬಿಟ್ಟರೆ ಏಕೆ ಸಾಲದು ಅನ್ನುವುದು ಕ್ಯಾಲಿಪರ್ ಕೆಲಸ ಮಾಡುವ ರೀತಿಯಲ್ಲೇ ಇದೆ. ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಪಿಸ್ಟನ್ನಿನ ಕ್ಯಾಲಿಪರ್. ಪಿಸ್ಟನ್ ಇರುವುದು ಒಳಗಡೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಆ ಒತ್ತಡಕ್ಕೆ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಪಿನ್ ಜಾರದಿದ್ದರೆ ಹೊರಗಿನ ಪ್ಯಾಡ್ ಆರಾಮಾಗಿ ಕೂತಿರುತ್ತದೆ, ಒಳಗಿನದೊಂದೇ ದುಡಿದು ಸವೆಯುತ್ತದೆ. ಅಲಾಯ್ ಸಂದಿಯಿಂದ ಕಾಣುವುದು ಆ ಆರಾಮಾಗಿ ಕೂತ ಪ್ಯಾಡ್.

ಕೀಚ್ ಅನ್ನುವ ಸದ್ದು ಬಂದದ್ದೂ ಸುಮ್ಮನೆ ಅಲ್ಲ. ಎಷ್ಟೋ ಪ್ಯಾಡುಗಳಿಗೆ ತಗಡಿನ ಸಣ್ಣ ನಾಲಿಗೆಯೊಂದು ಇರುತ್ತದೆ. ಪ್ಯಾಡ್ ಸುಮಾರು 2–3 ಮಿ.ಮೀ.ಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕೀಚಲು ಸದ್ದು ಮಾಡಲಿ ಅಂತಲೇ ಇಟ್ಟದ್ದು. ಕೀಚಲು ಸದ್ದು ರಿಪೇರಿ ಇಲ್ಲದೆ ತಾನಾಗಿ ನಿಂತರೆ ಖುಷಿಪಡಬೇಡಿ, ಆ ನಾಲಿಗೆಯೇ ಸವೆದೋ ಮುರಿದೋ ಹೋಗಿರಬಹುದು. ಚಕ್ರ ಬಿಚ್ಚಿಸಿ, ಎರಡೂ ಕಡೆ, ಒಳಗಿನ ಪ್ಯಾಡ್ ತೋರಿಸಿ ಅನ್ನಿ. ಒಂದೇ ಚಕ್ರದ ಎರಡು ಪ್ಯಾಡುಗಳ ದಪ್ಪದಲ್ಲಿ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಪಿನ್ ನೋಡದೆ ಬಿಡಬಾರದು. ಪಿನ್ನುಗಳು ಬರೀ ಕೈಯಲ್ಲಿ ಒಳಗೆ ಹೊರಗೆ ಜಾರಬೇಕು. ಅವಕ್ಕೆ ಹಾಕಬೇಕಾದದ್ದು ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್. ಡಬ್ಬದಲ್ಲಿರುವ ಮಾಮೂಲಿ ಗ್ರೀಸ್ ಬಳಿದರೆ ರಬ್ಬರ್ ಉಬ್ಬಿ, ಪಿನ್ ಮತ್ತೆ ಕಚ್ಚಿಕೊಳ್ಳುತ್ತದೆ. ಗೀರು ಬಿದ್ದ ಡಿಸ್ಕನ್ನು ಲೇತಿಗೆ ಹಾಕಿಸುವ ಮೊದಲು ದಪ್ಪ ಅಳೆಸಿ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಡಿಸ್ಕಿನ ಮೇಲೇ ಅಚ್ಚು ಹಾಕಿರುವುದುಂಟು. ಲೇತಿನಲ್ಲಿ ಹೆರೆದು ತೆಗೆದ ಮೇಲೆ ಅದಕ್ಕಿಂತ ಕಮ್ಮಿಯಾಗುವುದಾದರೆ ಹೊಸ ಡಿಸ್ಕೇ ಗತಿ, ಅದೂ ಜೋಡಿಯಾಗಿ.

ಇನ್ನು ಲಿಂಕ್ ರಾಡ್. ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರನ್ನು ಚಕ್ರದ ಕಡೆಗೆ ಜೋಡಿಸುವ, ಬೆರಳು ದಪ್ಪದ ಕಂಬಿ ಇದು, ಎರಡು ತುದಿಗೂ ಸಣ್ಣ ಬಾಲ್ ಜಾಯಿಂಟ್. ಸವೆದರೆ 20–30 ಕಿ.ಮೀ. ವೇಗದಲ್ಲಿ, ಒಂದು ಚಕ್ರ ಮಾತ್ರ ಏರಿಳಿಯುವ ಹಾಳು ರಸ್ತೆಯಲ್ಲಿ ಕಟಕಟ ಅನ್ನುತ್ತದೆ. ಎರಡೂ ಚಕ್ರ ಒಟ್ಟಿಗೆ ಹತ್ತುವ ಹಂಪಿನ ಮೇಲೆ ಎಷ್ಟೋ ಸಲ ಸುಮ್ಮನಿರುತ್ತದೆ. ಇದು ಕೈತಪ್ಪಿ ಹೋಗುವುದಕ್ಕೆ ಕಾರಣ ಜಾಕ್. ಒಂದೇ ಪಕ್ಕ ಜಾಕ್ ಏರಿಸಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಯಾಗಿ ಹಿಡಿಯುತ್ತದೆ, ಆಗ ಎಷ್ಟು ಅಲ್ಲಾಡಿಸಿದರೂ ಸಡಿಲ ಗೊತ್ತಾಗುವುದಿಲ್ಲ. ಲಿಫ್ಟಿನ ಮೇಲೆ ಎರಡೂ ಚಕ್ರ ಸಮನಾಗಿ ತೂಗುವಾಗಲೋ, ನಾಲ್ಕೂ ಚಕ್ರ ನೆಲದಲ್ಲಿರುವಾಗಲೋ ಲಿಂಕ್ ಹಿಡಿದು ಜಗ್ಗಿದರೆ ಕೈಗೇ ಟಕ್ ಅನ್ನುತ್ತದೆ.

ಅನುಮಾನ ಉಳಿದರೆ ಎರಡೂ ಲಿಂಕ್ ಪೂರ್ತಿ ಬಿಚ್ಚಿಟ್ಟು, ಅದೇ ಹಾಳು ರಸ್ತೆಯಲ್ಲಿ 20ರ ವೇಗ ದಾಟದೆ ಒಂದು ಸುತ್ತು ಹಾಕಿಸಿ. ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ, ಅದಕ್ಕೇ ವೇಗ ಬೇಡ. ಸದ್ದು ಹೋಯಿತೆಂದರೆ ಕಳ್ಳ ಸಿಕ್ಕಿದ, ಲಿಂಕ್ ಇಲ್ಲವೇ ಬಾರನ್ನು ಹಿಡಿದಿಡುವ ರಬ್ಬರ್ ಬುಷ್. ಈ ಕಾರಿನಲ್ಲಿ ಅರ್ಧ ಗಂಟೆಯ ಈ ಕೆಲಸವನ್ನು ಯಾರೂ ಮಾಡಲಿಲ್ಲ. ರ‍್ಯಾಕ್ ಇಳಿಸುವುದು ಅದಕ್ಕಿಂತ ಸುಲಭ ಅನ್ನಿಸಿತೋ ಏನೋ!

ರ‍್ಯಾಕ್ ನಿಜವಾಗಿ ಸವೆದಿದ್ದರೆ ಪರೀಕ್ಷೆ ಬೇರೆ. ಕಾರು ನಿಂತಿರಲಿ, ಒಬ್ಬರು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಎರಡೆರಡು ಇಂಚು ಬೇಗ ಬೇಗ ಆಡಿಸಲಿ. ಇನ್ನೊಬ್ಬರು ಕೆಳಗಿನಿಂದ ರ‍್ಯಾಕಿನ ಮೈ, ಅದರ ಬೂಟ್, ಚಕ್ರಕ್ಕೆ ಸೇರುವ ಟೈ ರಾಡ್ ಎಂಡ್, ಸ್ಟಿಯರಿಂಗ್ ಶಾಫ್ಟಿನ ಜಾಯಿಂಟ್ ಒಂದೊಂದನ್ನೇ ಮುಟ್ಟಿ ನೋಡಲಿ. ಸವೆದ ಜಾಗದಲ್ಲಿ ಬಡಿತ ಬೆರಳಿಗೆ ಗೊತ್ತಾಗುತ್ತದೆ. ಲಿಂಕ್ ರಾಡ್ ಈ ಪರೀಕ್ಷೆಗೆ ತುಟಿ ಬಿಚ್ಚುವುದಿಲ್ಲ. ಬೂಟಿನೊಳಗಿನ ಬಾಲ್ ಮಾತ್ರ ಸಡಿಲವಾಗಿದ್ದರೆ ರ‍್ಯಾಕ್ ಎಂಡ್ ಬಿಡಿಯಾಗಿ ಸಿಗುತ್ತದೆ, ಅಸೆಂಬ್ಲಿ ಬೇಕಿಲ್ಲ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಟೊಂಯ್ ಅಂತ ತಂತಿ ಮೀಟಿದ ಹಾಗೆ ಬಂದರೆ ಸ್ಪ್ರಿಂಗಿಗೆ ಹೊರಗಿನಿಂದ ಅಂಗೈ ತಾಗಿಸಿ ನೋಡಿ. ಸುರುಳಿಗಳ ಸಂದಿಗೆ ಬೆರಳು ಬೇಡ. ಸ್ಪ್ರಿಂಗ್ ತಡೆದು ತಡೆದು ಜಿಗಿಯುತ್ತಿದ್ದರೆ ಅದರ ಮೇಲೆ ಕೂತ ಸ್ಟ್ರಟ್ ಬೇರಿಂಗ್ ಬಿಗಿದುಕೊಂಡಿದೆ.

ಬ್ರೇಕಿನದೆಂದು ಕಂಡು ಬ್ರೇಕಿನದಲ್ಲದ ಸದ್ದೂ ಒಂದಿದೆ. ಬ್ರೇಕ್ ಒತ್ತಿದ ಕ್ಷಣಕ್ಕೆ ಒಂದೇ ಒಂದು ಮಂದವಾದ ಧಡ್, ಜೊತೆಗೆ ಸ್ಟಿಯರಿಂಗ್ ಒಂದು ಕಡೆಗೆ ಚೂರು ಎಳೆಯುವುದು. ಇದು ಚಕ್ರವನ್ನು ಕೆಳಗಡೆ ಕಾರಿನ ಮೈಗೆ ಜೋಡಿಸುವ ಲೋವರ್ ಆರ್ಮಿನ ಹಿಂದಿನ ಬುಷ್ ಹರಿದಾಗ ಬರುವುದು. ಇದಕ್ಕೆ ಪ್ಯಾಡ್ ಬದಲಿಸಿ ಹಣ ಕಳೆದುಕೊಂಡವರು ಬೇಕಾದಷ್ಟಿದ್ದಾರೆ. ಹೊಸ ಬುಷ್ ಹಾಕಿದ ಮೇಲೆ ಬೋಲ್ಟಿನ ಕೊನೆಯ ಬಿಗಿತವನ್ನು ಕಾರಿನ ಭಾರ ಚಕ್ರದ ಮೇಲೆ ಬಿದ್ದಾಗಲೇ ಮಾಡಬೇಕು. ಚಕ್ರ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಉಳಿದವು ಚುಟುಕಾಗಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಟಕ್ ಟಕ್ ಟಕ್ ಅಂದರೆ ಆಕ್ಸಲಿನ ಹೊರ ಜಾಯಿಂಟ್. ಚಕ್ರದ ಒಳಮೈಗೆ ಗ್ರೀಸ್ ಸಿಡಿದಿದೆಯೇ ನೋಡಿ. ವೇಗದ ಜೊತೆ ಏರುವ ಗುಂಯ್ ಸದ್ದು ಕಾರು ಎಡಕ್ಕೆ ತಿರುಗುವಾಗ ಹೆಚ್ಚಾದರೆ ಅನುಮಾನ ಬಲಗಡೆಯ ಚಕ್ರದ ಬೇರಿಂಗಿನ ಮೇಲೆ, ಭಾರ ಆ ಕಡೆಗೆ ಬೀಳುವುದರಿಂದ. ಬ್ರೇಕ್ ಒತ್ತಲಿ ಬಿಡಲಿ ಕೊಯ್ಯುವಂತೆ ಕಿರುಚುತ್ತಿದ್ದರೆ ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಜಲ್ಲಿ ಚೂರು ಸಿಕ್ಕಿರಬಹುದು. ತಗಡನ್ನು ಸ್ವಲ್ಪ ಬಗ್ಗಿಸಿದರೆ ಉದುರುತ್ತದೆ, ಇದಕ್ಕೆ ಯಾವ ಪಾರ್ಟೂ ಬೇಡ. ಮಳೆಗೆ ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಮೊದಲ ನಾಲ್ಕಾರು ಬ್ರೇಕಿಗೆ ಕರಕರ ಅಂದರೆ ಅದು ಡಿಸ್ಕಿನ ಮೇಲ್ಪದರದ ತುಕ್ಕು ಅಷ್ಟೆ.

ಗ್ಯಾರೇಜಿಗೆ ಹೋದಾಗ ‘ಮುಂದೆ ಸದ್ದು ಬರ್ತಿದೆ’ ಅಂತ ಬರೆಸಬೇಡಿ. ಯಾವ ವೇಗ, ಎಂಥ ರಸ್ತೆ, ಬ್ರೇಕ್ ಮೇಲೆ ಕಾಲಿತ್ತೇ, ಸ್ಟಿಯರಿಂಗ್ ಯಾವ ಕಡೆಗಿತ್ತು, ಇಷ್ಟನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ. ಟ್ರಯಲ್ಲಿಗೆ ನೀವೂ ಕೂತು, ಸದ್ದು ಬರುವ ರಸ್ತೆಗೇ ಕರೆದೊಯ್ಯಿರಿ. ಹಳೆಯ ಪಾರ್ಟ್ ವಾಪಸ್ ಬೇಕು ಅಂತ ಕೆಲಸ ಶುರುವಾಗುವ ಮೊದಲೇ ಹೇಳಿ. ಮುಗಿದ ಮೇಲೆ ಕೇಳಿದರೆ ಗುಜರಿಗೆ ಹೋಯಿತು ಅನ್ನುವ ಉತ್ತರ ತಯಾರಿರುತ್ತದೆ.

ಪ್ಯಾಡ್ ಬದಲಿಸಿ ಕಾರು ಕೈಗೆ ಬಂದಾಗ ಮಾತ್ರ, ಕದಲಿಸುವ ಮೊದಲು ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಗಟ್ಟಿಯಾಗುವವರೆಗೆ ಒತ್ತಿ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಒತ್ತದೆ ಹೊರಟರೆ ಗ್ಯಾರೇಜಿನ ಗೇಟಿನ ಹತ್ತಿರ ಹಾಕುವ ಮೊದಲ ಬ್ರೇಕಿಗೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ.