ತಾಣ ಕೆಟ್ಟಿದೆಯೋ, ಯಾರಾದರೂ ತಡೆದಿದ್ದಾರೋ? ಊನಿ ಪ್ರೋಬ್ ಆ್ಯಪ್ ವಿಮರ್ಶೆ

ಸುದ್ದಿತಾಣವೊಂದು ದಿಢೀರನೆ ತೆರೆಯುವುದು ನಿಂತಾಗ ಸರ್ಕಾರ ತಡೆದಿದೆ ಎಂದು ಓದುಗರು ಹೇಳುತ್ತಾರೆ, ತಾಂತ್ರಿಕ ದೋಷ ಎಂದು ಇಂಟರ್ನೆಟ್ ಕಂಪನಿ ಹೇಳುತ್ತದೆ. ಈ ವಾದಕ್ಕೆ ಸಾಕ್ಷ್ಯ ಒದಗಿಸುವುದೇ ಊನಿ ಪ್ರೋಬ್‌ನ ಕೆಲಸ. ಅನಾಮಿಕವಾಗಿ ಜಾಲಾಡಲು ನೆರವಾಗುವ ಟಾರ್ ತಂತ್ರಾಂಶವನ್ನು ರೂಪಿಸುವ ಟಾರ್ ಪ್ರಾಜೆಕ್ಟ್‌ನ ಆಶ್ರಯದಲ್ಲಿ 2012ರಲ್ಲಿ ಶುರುವಾದ ಊನಿ ಯೋಜನೆಯ ಮೊಬೈಲ್ ಆ್ಯಪ್ 2017ರಲ್ಲಿ ಬಂತು. ಉಚಿತ, ಸೋರ್ಸ್ ಕೋಡ್ ಬಹಿರಂಗ. ಒಂದು ಮಾತು ಮೊದಲೇ ಹೇಳಬೇಕು: ಇದು ತಡೆಯನ್ನು ದಾಟಿಸುವ ಆ್ಯಪ್ ಅಲ್ಲ, ತಡೆಯನ್ನು ಅಳೆಯುವ ಆ್ಯಪ್.

ಅಳೆಯುವ ರೀತಿ ಸರಳ. ಒಂದೇ ವಿಳಾಸವನ್ನು ನಿಮ್ಮ ಫೋನೂ ತಡೆಯಿಲ್ಲದ ಜಾಲದಲ್ಲಿರುವ ಊನಿಯ ಸರ್ವರೂ ತೆರೆಯುತ್ತವೆ. ಡಿಎನ್‌ಎಸ್ (ತಾಣದ ಹೆಸರಿಗೆ ಸಂಖ್ಯೆಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕೊಟ್ಟ ಐಪಿ, ಅಂದರೆ ಆ ಸಂಖ್ಯೆಯ ವಿಳಾಸ, ಹೊಂದುತ್ತದೆಯೇ, ಆ ವಿಳಾಸದ ಸರ್ವರ್ ಜೊತೆ ಟಿಸಿಪಿ ಸಂಪರ್ಕ ಸಿಕ್ಕಿತೇ, ಬಂದ ಪುಟದ ಗಾತ್ರ, ಶೀರ್ಷಿಕೆ, ಸ್ಟೇಟಸ್ ಕೋಡ್ (ಕೋರಿಕೆ ಏನಾಯಿತೆಂದು ಸರ್ವರ್ ಹೇಳುವ ಸಂಖ್ಯೆ) ಒಂದೇ ಇವೆಯೇ ಎಂದು ಹೋಲಿಸಲಾಗುತ್ತದೆ. ಹೊಂದದಿದ್ದರೆ ಫಲಿತಾಂಶದ ಮೇಲೆ ‘ಅನಾಮಲಿ’ (ಅಸಹಜ) ಗುರುತು ಬೀಳುತ್ತದೆ.

ಜನ ಎಡವುವುದು ಇಲ್ಲೇ. ಅನಾಮಲಿ ಎಂದರೆ ತಡೆ ಎಂದಲ್ಲ. ದೊಡ್ಡ ತಾಣಗಳು ಸಿಡಿಎನ್ (ಹಲವು ಊರುಗಳಲ್ಲಿ ಪ್ರತಿಗಳನ್ನಿಟ್ಟು ಹತ್ತಿರದಿಂದ ಕಳಿಸುವ ಸರ್ವರ್ ಜಾಲ) ಬಳಸುವುದರಿಂದ ಒಂದೊಂದು ಊರಿಗೆ ಒಂದೊಂದು ಐಪಿ ಸಿಗುವುದು ಸಹಜ. ಕೆಲವು ತಾಣಗಳು ಊನಿಯ ಸರ್ವರ್ ಅನ್ನೇ ರೋಬೋ ಎಂದು ತಿಳಿದು ಬೇರೆ ಪುಟ ಕಳಿಸುತ್ತವೆ. ಆಗಲೂ ಅದೇ ಗುರುತು ಬರಬಹುದು. ‘ಕನ್‌ಫರ್ಮ್ಡ್’ (ಖಚಿತ) ಎಂಬ ಗುರುತಿನ ತೂಕವೇ ಬೇರೆ: ಸರ್ಕಾರದ ಅಥವಾ ಕಂಪನಿಯ ತಡೆಪುಟ ಎಂದು ಮೊದಲೇ ಗುರುತಿಸಿಟ್ಟ ಪುಟ ಅಥವಾ ಐಪಿ ಸಿಕ್ಕಾಗ ಮಾತ್ರ ಅದು ಬೀಳುತ್ತದೆ.

ಅನಾಮಲಿ ಬಂದರೆ ವಿವರ ತೆರೆದು ಯಾವ ಹಂತದಲ್ಲಿ ಮುರಿದಿದೆ ಎಂದು ನೋಡಿ. ಡಿಎನ್‌ಎಸ್ ಸರಿಯಾದ ಐಪಿ ಕೊಟ್ಟಿದೆ, ಟಿಸಿಪಿ ಸಂಪರ್ಕವೂ ಸಿಕ್ಕಿದೆ, ಆದರೆ ಟಿಎಲ್‌ಎಸ್ ಮಾತುಕತೆಯ (ಗೂಢಲಿಪಿ ಸಂಪರ್ಕಕ್ಕೆ ಮುನ್ನ ನಡೆಯುವ ಹೊಂದಾಣಿಕೆ) ಮೊದಲ ಪ್ಯಾಕೆಟ್ ಹೋದ ಕೂಡಲೇ ‘ಕನೆಕ್ಷನ್ ರೀಸೆಟ್’ (ಸಂಪರ್ಕ ಕಡಿದ ಸೂಚನೆ) ಬಂದಿದೆ ಎಂದಿಟ್ಟುಕೊಳ್ಳಿ. ಆ ಪ್ಯಾಕೆಟ್‌ನಲ್ಲಿ ತಾಣದ ಹೆಸರು ಎಸ್‌ಎನ್‌ಐ ಎಂಬ ಜಾಗದಲ್ಲಿ ಸಾಮಾನ್ಯವಾಗಿ ಗೂಢಲಿಪಿಯಿಲ್ಲದೆ ಸಾಗುತ್ತದೆ. ನಡುವಿನ ಯಂತ್ರ ಹೆಸರನ್ನು ಓದಿ ಸಂಪರ್ಕ ಕಡಿದಿರುವ ಸಾಧ್ಯತೆ ಹೆಚ್ಚು. ಅದೇ ನೆಟ್‌ವರ್ಕ್‌ನಲ್ಲಿ ಮತ್ತೆ ಮತ್ತೆ ಇದೇ ಹಂತದಲ್ಲಿ ಮುರಿದು, ಬೇರೆ ಕಂಪನಿಯ ಸಿಮ್‌ನಲ್ಲಿ ತಾಣ ತೆರೆದುಕೊಂಡರೆ ಅದು ಗಟ್ಟಿ ಪುರಾವೆ. ಎರಡರಲ್ಲೂ ಮುರಿದರೆ ತಡೆ ಇಲ್ಲವೆಂದು ಅರ್ಥವಲ್ಲ. ಕಂಪನಿಗಳೆಲ್ಲ ಆದೇಶ ಪಾಲಿಸಿರಬಹುದು, ತಾಣದ ಸರ್ವರೇ ಕೆಟ್ಟಿರಲೂಬಹುದು. ಎಲ್ಲರ ಫಲಿತಾಂಶಗಳೂ ಪ್ರಕಟವಾಗುವ ಊನಿ ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ಅದೇ ತಾಣದ ಬೇರೆ ದೇಶಗಳ ಫಲಿತಾಂಶ ನೋಡಿದರೆ ಗೊಂದಲ ಬಗೆಹರಿಯುತ್ತದೆ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಫೋನಿನ ಸೆಟ್ಟಿಂಗ್‌ನಿಂದ. ವಿಪಿಎನ್ (ನಿಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ಸೇವೆ) ಆನ್ ಇದ್ದರೆ ಆ್ಯಪ್ ಅಳೆಯುವುದು ವಿಪಿಎನ್ ಸರ್ವರ್ ಇರುವ ಜಾಲವನ್ನು, ನಿಮ್ಮದನ್ನಲ್ಲ. ಆಫ್ ಮಾಡಿಯೇ ಓಡಿಸಿ. ಆಂಡ್ರಾಯ್ಡ್‌ನ ‘ಪ್ರೈವೇಟ್ ಡಿಎನ್‌ಎಸ್’ (ಗೂಢಲಿಪಿಯಲ್ಲಿ ಬೇರೆ ಡಿಎನ್‌ಎಸ್ ಸರ್ವರ್ ಬಳಸುವ ಸೌಲಭ್ಯ) ಆನ್ ಇದ್ದರೆ ಕಂಪನಿಯ ಡಿಎನ್‌ಎಸ್ ಕೈಚಳಕ ಕಾಣದೇ ಹೋಗಬಹುದು. ಇನ್ನು ಕೈಯಾರೆ ಓಡಿಸುವ ತಾಣಗಳ ಪರೀಕ್ಷೆಗೆ ಮೊಬೈಲ್‌ನಲ್ಲಿ 90 ಸೆಕೆಂಡಿನ ಮಿತಿ ಹಾಕಿಟ್ಟಿರುತ್ತಾರೆ. ಅಷ್ಟರಲ್ಲಿ ಪರೀಕ್ಷಿಸಬೇಕಾದ ತಾಣಗಳ ಸಿದ್ಧಪಟ್ಟಿಯ ಒಂದು ಭಾಗ ಮಾತ್ರ ಮುಗಿಯುತ್ತದೆ, ನಿಮಗೆ ಬೇಕಾದ ತಾಣ ಅದರಲ್ಲಿ ಇಲ್ಲದಿರಬಹುದು. ಅದಕ್ಕೇ ವಿಳಾಸವನ್ನು ನೀವೇ ಟೈಪ್ ಮಾಡಿ ಪರೀಕ್ಷಿಸುವುದು ಒಳ್ಳೆಯದು. ಗೂಢಲಿಪಿಯಿಲ್ಲದ ಎಚ್‌ಟಿಟಿಪಿ, ಗೂಢಲಿಪಿಯಿರುವ ಎಚ್‌ಟಿಟಿಪಿಎಸ್ ಎರಡೂ ರೂಪ ಹಾಕಿ: ಮೊದಲನೆಯದರಲ್ಲಿ ತಡೆಪುಟ ಕಣ್ಣಿಗೇ ಬೀಳಬಹುದು, ಎರಡನೆಯದರಲ್ಲಿ ಸಾಮಾನ್ಯವಾಗಿ ರೀಸೆಟ್, ಟೈಮ್‌ಔಟ್ ಅಥವಾ ಸರ್ಟಿಫಿಕೇಟ್ ದೋಷವಷ್ಟೇ ಸಿಗುತ್ತದೆ.

ಅಪಾಯದ ವಿಷಯದಲ್ಲಿ ತಂಡ ಪ್ರಾಮಾಣಿಕವಾಗಿದೆ, ಇದು ನಮಗೆ ತುಂಬಾ ಹಿಡಿಸಿದ ಗುಣ. ಆ್ಯಪ್ ಓಡಿಸುತ್ತಿರುವುದು ನಿಮ್ಮ ಸಂಪರ್ಕದ ಮೇಲೆ ಕಣ್ಣಿಟ್ಟವರಿಗೆ ತಿಳಿಯುತ್ತದೆ, ಫಲಿತಾಂಶ ತಾನಾಗಿಯೇ ಪ್ರಕಟವಾಗುತ್ತದೆ ಎಂಬೆರಡು ಸಂಗತಿ ನಿಮಗೆ ಅರ್ಥವಾಗಿದೆಯೇ ಎಂದು ಪ್ರಶ್ನೆ ಕೇಳಿಯೇ ಒಳಗೆ ಬಿಡುತ್ತಾರೆ. ದೇಶ, ನೆಟ್‌ವರ್ಕ್ ಸಂಖ್ಯೆ (ಯಾವ ಕಂಪನಿಯ ಜಾಲ ಎಂದು ತಿಳಿಸುವ ಸಂಖ್ಯೆ), ಸಮಯ ಪ್ರಕಟವಾಗುತ್ತವೆ; ನಿಮ್ಮ ಐಪಿ ಪ್ರಕಟವಾಗದಂತೆ ಅಳಿಸಲು ಯತ್ನಿಸುತ್ತಾರೆ. ಆದರೆ ಸಿದ್ಧಪಟ್ಟಿಯಲ್ಲಿ ಅಶ್ಲೀಲ ತಾಣಗಳೂ ದ್ವೇಷ ಹರಡುವ ತಾಣಗಳೂ ಇವೆ. ಅವುಗಳಿಗೆ ಸಂಪರ್ಕ ಹೋಗುವುದು ನಿಮ್ಮ ಲೈನಿನಿಂದಲೇ. ಕಠಿಣ ಕಾನೂನಿರುವ ಕಡೆ ಇರುವವರು ಮೊದಲ ಪರೀಕ್ಷೆಗೆ ಮುನ್ನವೇ ಸೆಟ್ಟಿಂಗ್ಸ್‌ಗೆ ಹೋಗಿ ಆ ವರ್ಗಗಳನ್ನು ತೆಗೆಯಬೇಕು. ಫಲಿತಾಂಶ ಕಳಿಸುವುದನ್ನೂ ಅಲ್ಲೇ ನಿಲ್ಲಿಸಬಹುದು.

ಕೊರತೆಗಳೂ ಸಣ್ಣವಲ್ಲ. ಸರ್ಕಾರದ ಆದೇಶದಂತೆ ವೇದಿಕೆಯೇ ಒಂದು ವಿಡಿಯೊವನ್ನೋ ಪೋಸ್ಟನ್ನೋ ಒಂದು ದೇಶದಲ್ಲಿ ಮಾತ್ರ ಮರೆಮಾಡಿದರೆ ತಾಣದ ಮಟ್ಟದ ಪರೀಕ್ಷೆಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪೂರ್ತಿ ತಡೆಯದೆ ವೇಗ ಮಾತ್ರ ಕುಗ್ಗಿಸುವ ಕುತಂತ್ರವನ್ನು ಹಿಡಿಯುವುದು ಕಷ್ಟ. ಇಂಟರ್ನೆಟ್ಟೇ ಬಂದ್ ಆದರೆ ಅಳೆಯಲು ಏನೂ ಉಳಿಯುವುದಿಲ್ಲ. ತಾಂತ್ರಿಕ ವಿವರದ ಪುಟವಂತೂ ಹೊಸಬರಿಗೆ ಕಬ್ಬಿಣದ ಕಡಲೆ.

ಡೇಟಾ ಪ್ಯಾಕ್ ಚಿಕ್ಕದಾಗಿದ್ದರೆ ವೇಗದ ಪರೀಕ್ಷೆಗಳನ್ನು ಬಿಟ್ಟುಬಿಡಿ, ಡೇಟಾ ನುಂಗುವುದು ಅವೇ. ಸ್ವಯಂಚಾಲಿತ ಪರೀಕ್ಷೆಯನ್ನು ವೈಫೈ ಇದ್ದಾಗ, ಚಾರ್ಜ್ ಆಗುವಾಗ ಮಾತ್ರ ಓಡುವಂತೆ ಇಡಿ. ವರದಿಗಾರರು ಸ್ಕ್ರೀನ್‌ಶಾಟ್‌ಗೆ ಬದಲು ಎಕ್ಸ್‌ಪ್ಲೋರರ್‌ನಲ್ಲಿರುವ ಆ ಫಲಿತಾಂಶದ ಕೊಂಡಿಯನ್ನೇ ಹಾಕಲಿ; ದಿನಾಂಕ, ನೆಟ್‌ವರ್ಕ್, ಕಚ್ಚಾ ದತ್ತಾಂಶ ಮೂರೂ ಅದರಲ್ಲಿರುತ್ತವೆ, ಅನುಮಾನವಿದ್ದವರು ತಾವೇ ತೆರೆದು ನೋಡಬಹುದು.