ಕ್ರೇನಿಗೆ ಯಾವ ಕಂಟ್ರೋಲ್: 433 ಮೆಗಾಹರ್ಟ್ಸ್, 2.4 ಗಿಗಾಹರ್ಟ್ಸ್, ಇಲ್ಲಾ ಕೇಬಲ್ ಪೆಂಡೆಂಟ್?

ವೆಲ್ಡಿಂಗ್ ನಡೆಯುವ ಶೆಡ್‌ನ ಇಒಟಿ ಕ್ರೇನಿಗೆ (ತಲೆ ಮೇಲಿನ ಹಳಿಗಳ ಮೇಲೆ ಓಡುವ ವಿದ್ಯುತ್ ಕ್ರೇನ್) ಈ ಎರಡು ಬ್ಯಾಂಡಿನ ರೇಡಿಯೋ ರಿಮೋಟ್‌ಗಳಲ್ಲಿ ಒಂದೋ, ಕೇಬಲ್‌ನಲ್ಲಿ ನೇತಾಡುವ ಬಟನ್ ಪೆಟ್ಟಿಗೆಯಾದ ಪೆಂಡೆಂಟೋ, ಯಾವುದು ಹಾಕಿಸಲಿ ಅಂತ ಕೇಳಿದ್ದೀರಿ. ಸುತ್ತ ಏನಿದೆ ಅನ್ನೋದರ ಮೇಲೆ ಹೋಗುತ್ತದೆ.

ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್), ವೆಲ್ಡಿಂಗ್, ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಟ್ಟು ತೆಗೆಯುವ ಸ್ವಿಚ್) ಕಿಡಿಯ ರೇಡಿಯೋ ಗದ್ದಲ ಕೆಳಗಿನ ಫ್ರೀಕ್ವೆನ್ಸಿಗಳಲ್ಲೇ ಜಾಸ್ತಿ, ಆ ಲೆಕ್ಕದಲ್ಲಿ 2.4 ವಾಸಿ. ಆದರೆ ಅಲ್ಲಿ ವೈಫೈ, ಬ್ಲೂಟೂತ್ ಎಲ್ಲ ನುಗ್ಗುತ್ತವೆ, ಹಾಗಾಗಿ ಚಾನೆಲ್ ಬದಲಿಸುತ್ತಾ ಹೋಗುವ ಹಾಪಿಂಗ್ ಸೆಟ್ಟನ್ನೇ ಕೇಳಿ. 433ರ ಅಲೆ ಸುಮಾರು 69 ಸೆಂಟಿಮೀಟರ್, 2.4ರದ್ದು 12.5. ಗರ್ಡರ್, ಕಾಲಮ್ಮುಗಳ ಮರೆ ದಾಟಿ ಬರೋದು 433ಕ್ಕೆ ಸುಲಭ.

ರಿಮೋಟಿನ ಸಂದೇಶ ಕ್ರೇನಿಗೆ ಮುಟ್ಟುವ ತಡದ ವಿಷಯದಲ್ಲಿ ಕ್ಯಾಟಲಾಗ್‌ನ ಸರಾಸರಿ ನೋಡಬೇಡಿ. ಗದ್ದಲದಲ್ಲಿ ಸಂದೇಶ ಕಳೆದುಹೋಗಿ ಮತ್ತೆ ಮತ್ತೆ ಕಳಿಸಬೇಕಾದಾಗ ಎಷ್ಟು ತಡ, ಅದನ್ನು ಕೇಳಿ. ಬಟನ್ ಬಿಟ್ಟ ಮೇಲೂ ಹುಕ್ ಒಂದು ಗೇಣು ಇಳಿದರೆ ಕೆಳಗಿರುವವನ ಕೈ ಹೋಗಬಹುದು! ಸಿಗ್ನಲ್ ತಪ್ಪಿದ ಕೂಡಲೇ ಮೇನ್ ಕಾಂಟ್ಯಾಕ್ಟರ್ ತಾನಾಗಿ ಆಫ್ ಆಗದ ರಿಮೋಟನ್ನು, ಯಾವ ಬ್ಯಾಂಡ್ ಆದರೂ ಸರಿ, ಒಳಗೇ ಬಿಡಬೇಡಿ.

ಪೆಂಡೆಂಟಿಗೆ ಈ ತಲೆನೋವಿಲ್ಲ, ಖರ್ಚೂ ಕಡಿಮೆ. ಆದರೆ ಎಳೆದಾಡಿ ಗ್ಲ್ಯಾಂಡ್ (ಪೆಟ್ಟಿಗೆಯೊಳಗೆ ಹೋಗುವ ಕಡೆ ಕೇಬಲ್ಲನ್ನು ಹಿಡಿದಿಡುವ ಬಿಗಿ) ಹತ್ತಿರ ಕೇಬಲ್ ಒಳಗೇ ತುಂಡಾಗುತ್ತದೆ, ಆಪರೇಟರ್ ಲೋಡ್ ಪಕ್ಕದಲ್ಲೇ ನಡೆಯಬೇಕು.

ಚಿಕ್ಕ ಬೇ (ಕ್ರೇನ್ ಓಡಾಡುವ ಶೆಡ್ಡಿನ ಭಾಗ), ದಿನಕ್ಕೆ ನಾಲ್ಕೈದು ಲಿಫ್ಟ್ ಅಂದ್ರೆ ಪೆಂಡೆಂಟ್ ಸಾಕು. ಉದ್ದದ ಬೇ, ಮಧ್ಯೆ ಉಕ್ಕಿನ ಮರೆ ಇದ್ದರೆ 433. ಕ್ರೇನಿನ ಮೇಲಿನ ರಿಸೀವರ್ ನೇರ ಕಾಣುತ್ತದೆ, ಡ್ರೈವ್‌ಗಳು ಜಾಸ್ತಿ, ವೈಫೈ ಕಡಿಮೆ ಅಂದ್ರೆ 2.4.

ಯಾವ ರಿಮೋಟ್ ತಂದರೂ ರಿಸೀವರ್‌ನ ಆಂಟೆನಾ ಮಾತ್ರ ಪ್ಯಾನೆಲ್ ಹೊರಗಿರಲಿ, ಮೋಟಾರ್ ಕೇಬಲ್‌ನಿಂದ ದೂರ. ಉಕ್ಕಿನ ಡಬ್ಬಿಯೊಳಗೆ ವಿಎಫ್‌ಡಿ ಪಕ್ಕ ಕೂರಿಸಿದರೆ ಎಷ್ಟು ದುಬಾರಿ ಸೆಟ್ಟಾದರೂ ಸತಾಯಿಸುತ್ತದೆ.